ಕರುಳಲ್ಲಿ ಯೀಸ್ಟ್ ಜಾಸ್ತಿಯಾಗಿದೆ ಅಂದರೆ ಏನು ಮಾಡಬೇಕು?

ಹಾಸನದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಹತ್ತೊಂಬತ್ತು ವರ್ಷದಿಂದ ಅದೇ ಕೌಂಟರ್ ಹಿಂದೆ ನಿಂತಿದ್ದೇನೆ. ಮೊದಲೆಲ್ಲ ಜನ ಬಂದು "ಗ್ಯಾಸಿಗೆ ಏನಾದ್ರೂ ಕೊಡಿ" ಅನ್ನುತ್ತಿದ್ದರು. ಈಗ ಕೆಲವರು ಮೊಬೈಲ್ ಮುಂದೆ ಹಿಡಿದು, "ಕರುಳಲ್ಲಿ ಕ್ಯಾಂಡಿಡಾ ಬೆಳೆದಿದೆಯಂತೆ ಸಾರ್, ಈ ಮಾತ್ರೆ ಇದೆಯಾ?" ಅನ್ನುತ್ತಾರೆ. ಹೊಟ್ಟೆ ಉಬ್ಬರ, ಸುಸ್ತು, ತಲೆ ಮಂಕು, ಸಿಹಿ ತಿನ್ನುವ ಆಸೆ, ಮೈ ಕಡಿತ ಎಲ್ಲಕ್ಕೂ ಈ ಕ್ಯಾಂಡಿಡಾ ಅನ್ನುವ ಯೀಸ್ಟ್, ಅಂದರೆ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ, ಒಂದೇ ಕಾರಣ ಅಂತ ಅವರಿಗೆ ಯಾರೋ ಹೇಳಿರುತ್ತಾರೆ.

ಅವರ ಕಷ್ಟ ಸುಳ್ಳಲ್ಲ. ಉಬ್ಬರವೂ ನಿಜ, ಸುಸ್ತೂ ನಿಜ. ಆದರೆ ಅದಕ್ಕೆ ಯೀಸ್ಟ್ ಎಂಬ ಹೆಸರು ಕೊಟ್ಟ ದಿನವೇ ನಿಜವಾದ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ. ನನಗೆ ಇದು ಗೊತ್ತಾಗಿದ್ದು ನಮ್ಮ ಮನೆಯಲ್ಲೇ.

ನನ್ನ ಅಕ್ಕ ಚಿಕ್ಕಮಗಳೂರಿನಲ್ಲಿದ್ದಾಳೆ. ಎಂಟು ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿತ್ತು. ಊಟವಾದರೆ ಹೊಟ್ಟೆ ಮಡಕೆ ಹಾಗೆ ಉಬ್ಬುತ್ತಿತ್ತು, ಪಾದ ಉರಿಯುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಕೂತಲ್ಲೇ ತೂಕಡಿಕೆ. ಆನ್‌ಲೈನ್‌ನಲ್ಲಿ ಸಲಹೆ ಕೊಡುವವರೊಬ್ಬರು ಇದು ಯೀಸ್ಟ್ ಅಂದರು. ಅನ್ನ, ಮುದ್ದೆ, ಹಣ್ಣು, ಹಾಲು, ಇಡ್ಲಿ, ದೋಸೆ ಎಲ್ಲ ಬಿಡಿಸಿದರು. ಯೀಸ್ಟ್ ಕೊಲ್ಲಲು ದಿನಕ್ಕೊಂದು ಫ್ಲೂಕೊನಜೋಲ್ ಮಾತ್ರೆ ನುಂಗಲು ಹೇಳಿದರು. ಅಕ್ಕ ನನಗೆ ಒಂದು ಮಾತೂ ಹೇಳಲಿಲ್ಲ. ಆರನೇ ದಿನ ರಾತ್ರಿ ಫೋನ್ ಬಂತು.

"ಕೈ ನಡುಗ್ತಿದೆ ಕಣೋ. ಬಟ್ಟೆಯೆಲ್ಲ ಬೆವರಲ್ಲಿ ನೆಂದುಹೋಯ್ತು. ಯೀಸ್ಟ್ ಸಾಯುವಾಗ ಹೀಗೇ ಆಗತ್ತಂತೆ, ಎರಡು ದಿನ ತಡ್ಕೊಳ್ಳಿ ಅಂದಿದ್ದಾರೆ."

"ಅಕ್ಕಾ, ಮೊದಲು ಮಿಷನ್ ತಗೊಂಡು ಶುಗರ್ ನೋಡು. ಭಾವನ ಕೈಗೆ ಫೋನ್ ಕೊಡು."

ಶುಗರ್ 52 ಇತ್ತು. ನಾಲ್ಕು ಚಮಚ ಸಕ್ಕರೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸ್ವಲ್ಪ ಅನ್ನ ತಿನ್ನಿಸಿ, ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗ್ಲಿಮೆಪಿರೈಡ್‌ನಿಂದ ಶುಗರ್ ಇಳಿದರೆ ಒಮ್ಮೆ ಸರಿಹೋದ ಮೇಲೂ ಮತ್ತೆ ಇಳಿಯಬಹುದು. ಅದಕ್ಕೇ ಮನೆಯಲ್ಲಿ ಸುಮ್ನೆ ಮಲಗಿಸಬಾರದು.

ಆಗಿದ್ದು ಇಷ್ಟು. ಗ್ಲಿಮೆಪಿರೈಡನ್ನು ಕರಗಿಸಿ ಹೊರಹಾಕುವ ಲಿವರ್‌ನ ಕೆಲಸವನ್ನು ಫ್ಲೂಕೊನಜೋಲ್ ತಡೆಯುತ್ತದೆ. ಶುಗರ್ ಮಾತ್ರೆ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯಿತು. ಹೊಟ್ಟೆಗೆ ಅನ್ನವೂ ಇರಲಿಲ್ಲ, ಮುದ್ದೆಯೂ ಇರಲಿಲ್ಲ. ಶುಗರ್ ಇಳಿಯದೆ ಇನ್ನೇನಾಗುತ್ತದೆ? ಈ ಲೇಖನ ಬರೆಯಲು ಕೂತಿದ್ದು ಆ ರಾತ್ರಿಯಿಂದಾಗಿ. ಯೀಸ್ಟ್ ಅನುಮಾನ ಬಂದವರು ಯಾವ ಕ್ರಮದಲ್ಲಿ ಮುಂದೆ ಹೋಗಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಯೀಸ್ಟ್ ಇರುವುದೇ ಕಾಯಿಲೆ ಅಂದುಕೊಳ್ಳಬೇಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ ತೊಟ್ಟಿಯಲ್ಲಿ ಇಟ್ಟರೆ ಬೀಜಕ್ಕೆ ಅಂಟಿದ ಲೋಳೆ ತಾನಾಗಿ ಬಿಡುತ್ತದೆ. ಅಲ್ಲಿ ಯಾರೂ ಯೀಸ್ಟ್ ತಂದು ಸುರಿದಿರುವುದಿಲ್ಲ. ಹಣ್ಣಿನ ಸಿಪ್ಪೆಯಲ್ಲಿ, ಗಾಳಿಯಲ್ಲಿ, ತೊಟ್ಟಿಯ ಗೋಡೆಯಲ್ಲಿ ಅದು ಮೊದಲೇ ಇರುತ್ತದೆ. ಬ್ಯಾಕ್ಟೀರಿಯಾ ಜೊತೆ ಸೇರಿ ತನ್ನ ಕೆಲಸ ಮಾಡುತ್ತದೆ.

ನಮ್ಮ ಬಾಯಿ, ಕರುಳೂ ಹಾಗೇ. ಕ್ಯಾಂಡಿಡಾ ಎಂಬ ಯೀಸ್ಟ್ ಎಷ್ಟೋ ಆರೋಗ್ಯವಂತರ ಹೊಟ್ಟೆಯಲ್ಲಿ ತೊಂದರೆ ಕೊಡದೆ ಬದುಕಿದೆ. ಕರುಳಿನ ಬ್ಯಾಕ್ಟೀರಿಯಾ ಮತ್ತು ನಮ್ಮ ರೋಗ ತಡೆಯುವ ಶಕ್ತಿ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ತುಂಬಾ ದಿನ ಆಂಟಿಬಯೋಟಿಕ್ ತಗೊಂಡಾಗ, ಸ್ಟೀರಾಯ್ಡ್ ನಡೆಯುತ್ತಿದ್ದಾಗ, ಶುಗರ್ ಹತೋಟಿ ತಪ್ಪಿದಾಗ, ಕ್ಯಾನ್ಸರ್ ಚಿಕಿತ್ಸೆ ಅಥವಾ ಎಚ್‌ಐವಿ ಇದ್ದಾಗ ಅದು ತಲೆ ಎತ್ತಬಹುದು. ಆಗಲೂ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಬಾಯಲ್ಲಿ, ಅನ್ನನಾಳದಲ್ಲಿ, ಗುಪ್ತಾಂಗದಲ್ಲಿ, ಚರ್ಮದ ಮಡಿಕೆಗಳಲ್ಲಿ.

ಇಡ್ಲಿ, ದೋಸೆ ಬಿಡಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಕಿಲ್ಲ. ಹಿಟ್ಟು ಹುಳಿ ಬರುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ. ಅದರಲ್ಲಿರುವ ಅಷ್ಟಿಷ್ಟು ಯೀಸ್ಟ್ ಹಬೆಯಲ್ಲಿ, ಕಾವಲಿಯಲ್ಲಿ ಬೆಂದುಹೋಗುತ್ತದೆ. ಇನ್ನೊಂದು ವಿಷಯ ನೋಡಿ. ಭೇದಿಯಾದ ಮಕ್ಕಳಿಗೆ ವೈದ್ಯರು ಬರೆಯುವ ಸ್ಯಾಕರೊಮೈಸಿಸ್ ಬೌಲಾರ್ಡಿ ಪುಡಿ ಕೂಡ ಒಂದು ಯೀಸ್ಟೇ.

ಹೆಜ್ಜೆ 2: ಯಾವ ಪರೀಕ್ಷೆಗೆ ಬೆಲೆ ಕೊಡಬಾರದು ಅಂತ ತಿಳಿದುಕೊಳ್ಳಿ

ಬೆಳಿಗ್ಗೆ ಎದ್ದು ಲೋಟದ ನೀರಿಗೆ ಉಗುಳಿ, ಎಳೆ ಎಳೆಯಾಗಿ ಇಳಿದರೆ ಯೀಸ್ಟ್ ಇದೆ ಅನ್ನುವ ವಿಡಿಯೊ ನೀವೂ ನೋಡಿರುತ್ತೀರಿ. ಅದಕ್ಕೆ ಯಾವ ಆಧಾರವೂ ಇಲ್ಲ. ಉಗುಳು ಎಷ್ಟು ಗಟ್ಟಿಯಾಗಿದೆ ಅನ್ನುವುದರ ಮೇಲೆ ಅದು ತೇಲುತ್ತದೆ, ಇಲ್ಲ ಮುಳುಗುತ್ತದೆ.

ಮಲ ಪರೀಕ್ಷೆಯ ವರದಿಯಲ್ಲಿ "ಯೀಸ್ಟ್ ಕಣಗಳು ಕಂಡಿವೆ" ಅಂತ ಒಂದು ಸಾಲು ಇದ್ದರೆ ಹೆದರಬೇಡಿ. ಆರೋಗ್ಯವಂತರ ಮಲದಲ್ಲೂ ಅದು ಕಾಣುತ್ತದೆ. ಕ್ಯಾಂಡಿಡಾ ಐಜಿಜಿ ಎಂಬ ರಕ್ತ ಪರೀಕ್ಷೆಯೂ ನಿಮ್ಮ ಮೈ ಎಂದೋ ಒಮ್ಮೆ ಕ್ಯಾಂಡಿಡಾವನ್ನು ಕಂಡಿದೆ ಅಂತ ಮಾತ್ರ ಹೇಳುತ್ತದೆ. ಅದನ್ನು ಕಾಣದವರು ಕಡಿಮೆ. ಇನ್ನು ಇಪ್ಪತ್ತು ಪ್ರಶ್ನೆ ಕೇಳಿ ಅಂಕ ಕೊಡುವ ಪಟ್ಟಿಗಳು. ಸುಸ್ತಾಗುತ್ತದೆಯಾ, ಸಿಹಿ ಬೇಕು ಅನಿಸುತ್ತದೆಯಾ, ಮೋಡ ಕವಿದ ದಿನ ಬೇಜಾರಾಗುತ್ತದೆಯಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ನಮ್ಮ ಮಲೆನಾಡಿನಲ್ಲಿ ಇದಕ್ಕೆ ಇಲ್ಲ ಅನ್ನುವವರು ಯಾರಿದ್ದಾರೆ?

ಈ ವಾದ ಹುಟ್ಟಿದ್ದು ಅಮೆರಿಕದಲ್ಲಿ, 1970 ಮತ್ತು 80ರ ದಶಕದಲ್ಲಿ. ಬಿಡಿಸಿ ಹೇಳಲಾಗದ ಎಷ್ಟೋ ನೋವುಗಳಿಗೆ ಕರುಳಿನ ಯೀಸ್ಟೇ ಕಾರಣ ಅಂತ ಕೆಲವು ವೈದ್ಯರು ಬರೆದರು. 1986ರಲ್ಲಿ ಅಲ್ಲಿನ ಅಲರ್ಜಿ ತಜ್ಞರ ಸಂಸ್ಥೆ ಇದಕ್ಕೆ ಪುರಾವೆ ಇಲ್ಲ ಅಂತ ಹೇಳಿಕೆ ಕೊಟ್ಟಿತು. 1990ರಲ್ಲಿ ಒಂದು ಒಳ್ಳೆಯ ಪರೀಕ್ಷೆ ಪ್ರಕಟವಾಯಿತು. ಇಂಥ ತೊಂದರೆ ಇದೆ ಅಂದುಕೊಂಡಿದ್ದ 42 ಹೆಂಗಸರಿಗೆ ಒಂದು ಸುತ್ತು ನಿಸ್ಟಾಟಿನ್ ಎಂಬ ಯೀಸ್ಟ್ ಕೊಲ್ಲುವ ಔಷಧ, ಇನ್ನೊಂದು ಸುತ್ತು ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಯಾವುದು ಯಾವುದು ಅಂತ ಅವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಗುಪ್ತಾಂಗದ ತುರಿಕೆ, ಉರಿ ನಿಸ್ಟಾಟಿನ್‌ನಿಂದ ಕಡಿಮೆಯಾಯಿತು. ಸುಸ್ತು, ತಲೆ ಮಂಕು, ಬೇಜಾರು ಮಾತ್ರ ಹುಸಿ ಮಾತ್ರೆಯಲ್ಲಿ ಎಷ್ಟು ಇಳಿಯಿತೋ ಅಷ್ಟೇ ಇಳಿಯಿತು.

ಎದುರು ಮಾತೂ ಇದೆ, ಅದನ್ನು ಮುಚ್ಚಿಡಬಾರದು. 2001ರಲ್ಲಿ ಪ್ರಕಟವಾದ ನಾರ್ವೆ ದೇಶದ ಒಂದು ಪರೀಕ್ಷೆಯಲ್ಲಿ ನಿಸ್ಟಾಟಿನ್ ತಗೊಂಡವರಿಗೆ ಹುಸಿ ಮಾತ್ರೆಗಿಂತ ಜಾಸ್ತಿ ಗುಣ ಕಂಡಿತು. ಆದರೆ ಅಲ್ಲಿ ಜನರನ್ನು ಆರಿಸಿದ್ದು ಪ್ರಶ್ನೆಪಟ್ಟಿಯಿಂದ. ಅದೊಂದನ್ನೇ ನಂಬಿ ಎಲ್ಲರಿಗೂ ಮಾತ್ರೆ ಕೊಡುವುದು ಸರಿ ಅಂತ ನನಗೆ ಅನಿಸುವುದಿಲ್ಲ.

ನಿಸ್ಟಾಟಿನ್ ಬಗ್ಗೆ ಒಂದು ಮಾತು ಹೇಳಲೇಬೇಕು, ನನಗೆ ತುಂಬಾ ಇಷ್ಟವಾದ ಕಥೆ ಅದು. ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಹೆಂಗಸರು ಹೊಲದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಅದನ್ನು ತೆಗೆದರು. 1950ರಲ್ಲಿ ಜಗತ್ತಿಗೆ ತಿಳಿಸಿದರು. ನ್ಯೂಯಾರ್ಕ್ ಸ್ಟೇಟ್ ಅನ್ನುವುದೇ ಆ ಹೆಸರಿನೊಳಗೆ ಅಡಗಿದೆ. ನುಂಗಿದರೆ ರಕ್ತಕ್ಕೆ ಹೆಚ್ಚುಕಮ್ಮಿ ಸೇರುವುದಿಲ್ಲ, ಕರುಳಲ್ಲೇ ಉಳಿಯುತ್ತದೆ. ಫ್ಲೂಕೊನಜೋಲ್ ಹಾಗಲ್ಲ, ಇಡೀ ಮೈಗೆ ಹರಡುತ್ತದೆ.

ಹೆಜ್ಜೆ 3: ನಿಜವಾದ ಯೀಸ್ಟ್ ಸೋಂಕು ಇದ್ದರೆ ಬಿಡಬೇಡಿ

ನಾಲಿಗೆ, ಕೆನ್ನೆಯ ಒಳಗೆ ಮೊಸರಿನಂಥ ಬಿಳಿ ಪೊರೆ, ಒರೆಸಿದರೆ ಕೆಂಪು ಹುಣ್ಣು. ನುಂಗುವಾಗ ಎದೆಯಲ್ಲಿ ನೋವು. ಗುಪ್ತಾಂಗದಲ್ಲಿ ತುರಿಕೆಯ ಜೊತೆ ಒಡೆದ ಹಾಲಿನಂಥ ಬಿಳಿ ಸೆರಗು. ಎದೆಯ ಕೆಳಗೆ, ತೊಡೆ ಸಂದಿಯಲ್ಲಿ ಕೆಂಪಗೆ ಒದ್ದೆಯಾದ ಹುಣ್ಣು. ಇವು ಕಣ್ಣಿಗೆ ಕಾಣುವ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಸೋಂಕುಗಳು. ಇಲ್ಲಿ ಮಾತ್ರೆ, ಮುಲಾಮಿಗೆ ಹಾಕಿದ ದುಡ್ಡು ದಂಡವಲ್ಲ.

ಜೊತೆಗೆ ಕಾರಣವನ್ನೂ ನೋಡಬೇಕು. ದಮ್ಮಿಗೆ ಸ್ಟೀರಾಯ್ಡ್ ಇನ್ಹೇಲರ್ ಎಳೆಯುವವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿ. ಹಲ್ಲು ಸೆಟ್ ಇರುವವರು ರಾತ್ರಿ ತೆಗೆದು ತೊಳೆದಿಡಿ. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರಿಗೆ ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಗುಪ್ತಾಂಗದ ಯೀಸ್ಟ್ ಸೋಂಕು ಜಾಸ್ತಿ. ಹೆಂಗಸರು, ಗಂಡಸರು ಇಬ್ಬರಿಗೂ ಬರುತ್ತದೆ. ನಾಚಿಕೆಯಿಂದ ಹೇಳದೆ ಕೂತವರನ್ನು ನಾನು ತುಂಬಾ ನೋಡಿದ್ದೇನೆ. ದಯವಿಟ್ಟು ಹೇಳಿ. ಪದೇ ಪದೇ ಸೋಂಕು ಬರುತ್ತಿದ್ದರೆ, ಶುಗರ್ ಇಲ್ಲ ಅಂದುಕೊಂಡವರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಹೆಜ್ಜೆ 4: ಇವು ಇದ್ದರೆ ಕಾಯಬೇಡಿ

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ, ಬಿಡದ ಜ್ವರ, ರಕ್ತ ಕಡಿಮೆಯಾಗಿರುವುದು, ಐವತ್ತರ ಹತ್ತಿರ ಬಂದ ಮೇಲೆ ಹೊಸದಾಗಿ ಮಲದ ರೂಢಿ ಬದಲಾಗುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು. ಇವುಗಳಲ್ಲಿ ಒಂದಿದ್ದರೂ ಪಥ್ಯ, ಕಷಾಯ ಅಂತ ತಿಂಗಳು ಕಳೆಯಬೇಡಿ. ಹಾಸನದವರು ಹಿಮ್ಸ್ ಸರ್ಕಾರಿ ಆಸ್ಪತ್ರೆಗೆ, ಚಿಕ್ಕಮಗಳೂರಿನವರು ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಇಲ್ಲ ನಿಮಗೆ ಗೊತ್ತಿರುವ ವೈದ್ಯರನ್ನು ಈ ವಾರವೇ ನೋಡಿ.

ಹೆಜ್ಜೆ 5: ಎರಡು ವಾರ ಒಂದು ನೋಟ್‌ಬುಕ್ ಇಡಿ

ನನ್ನ ಅನುಭವದಲ್ಲಿ ಜಾಸ್ತಿ ಉತ್ತರ ಸಿಗುವುದು ಈ ಹೆಜ್ಜೆಯಲ್ಲೇ. ಎಡ ಪುಟದಲ್ಲಿ ನೀವು ನುಂಗುವ ಪ್ರತಿ ಮಾತ್ರೆಯ ಹೆಸರು ಬರೆಯಿರಿ. ಚೂರ್ಣ, ಪ್ರೋಟೀನ್ ಪುಡಿ ಕೂಡ ಬಿಡಬೇಡಿ. ಬಲ ಪುಟದಲ್ಲಿ ಏನು ತಿಂದಿರಿ, ಎಷ್ಟು ಹೊತ್ತಿಗೆ ಹೊಟ್ಟೆ ಉಬ್ಬಿತು ಅಂತ ಬರೆಯಿರಿ.

ಮಾತ್ರೆಯಿಂದ ಶುರು ಮಾಡೋಣ. ಮೆಟ್‌ಫಾರ್ಮಿನ್ ಹೊಟ್ಟೆ ಉಬ್ಬಿಸುತ್ತದೆ, ಭೇದಿ ಮಾಡಿಸುತ್ತದೆ. ಎಷ್ಟೋ ಜನಕ್ಕೆ ಅದೇ ಔಷಧದ ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಿದರೆ ಹಗುರವಾಗುತ್ತದೆ. ಬದಲಾಯಿಸುವುದು ವೈದ್ಯರ ಕೆಲಸ, ನೀವಾಗಿ ನಿಲ್ಲಿಸಬೇಡಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನಡೆದರೆ ಬಿ12 ವಿಟಮಿನ್ ಕೂಡ ಇಳಿಯುತ್ತದೆ. ಅದರ ಜೊತೆ ಗ್ಯಾಸ್ ಮಾತ್ರೆ ಅಂತ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಇನ್ನೂ ಇಳಿಯುತ್ತದೆ. ಮಾಂಸ, ಮೊಟ್ಟೆ ತಿನ್ನದ ಮನೆಯಾದರೆ ಮೊದಲೇ ಬಿ12 ಕಡಿಮೆ ಇರುತ್ತದೆ. ಬಿ12 ಇಳಿದರೆ ಸುಸ್ತು, ಮರೆವು, ತಲೆ ಮಂಕು, ಪಾದ ಉರಿ, ಜೋಮು. ಯೀಸ್ಟ್ ಪಟ್ಟಿಯಲ್ಲಿ ಇರುವುದೂ ಹೆಚ್ಚುಕಮ್ಮಿ ಇವೇ ಅಲ್ವಾ?

ನನ್ನ ಅಕ್ಕನಿಗೆ ಇದ್ದದ್ದು ಇದೇ. ಆಸ್ಪತ್ರೆಯಿಂದ ಬಂದ ಮೇಲೆ ವೈದ್ಯರು ಬಿ12 ಮಾಡಿಸಿದರು. ತುಂಬಾ ಕಡಿಮೆ ಇತ್ತು. ಇಂಜೆಕ್ಷನ್ ಕೊಟ್ಟರು, ಮೆಟ್‌ಫಾರ್ಮಿನ್ ಬದಲಾಯಿಸಿದರು, ಅಗತ್ಯವಿಲ್ಲದ ಗ್ಯಾಸ್ ಮಾತ್ರೆ ನಿಲ್ಲಿಸಿದರು. ತೂಕಡಿಕೆ ಕೆಲವು ವಾರದಲ್ಲಿ ಹೋಯಿತು. ಪಾದದ ಉರಿ ಇಳಿಯಲು ತಿಂಗಳುಗಳೇ ಬೇಕಾದವು.

ಇನ್ನು ಊಟ. ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಹಾಲು. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿ ತುಂಬಾ ಜನಕ್ಕೆ ಕಡಿಮೆಯಾಗುತ್ತದೆ. ದಿನಕ್ಕೆ ನಾಲ್ಕು ಲೋಟ ಹಾಲು ಹಾಕಿದ ಕಾಫಿ ಕುಡಿದು, ಉಬ್ಬರಕ್ಕೆ ಇನ್ನೇನೋ ಕಾರಣ ಹುಡುಕುತ್ತೇವೆ. ಎರಡು ವಾರ ಹಾಲು ಬಿಟ್ಟು ಕರಿ ಕಾಫಿ ಕುಡಿಯಿರಿ. ಮಜ್ಜಿಗೆ, ಮೊಸರು ಸಾಮಾನ್ಯವಾಗಿ ಹಾಲಿಗಿಂತ ಸಲೀಸು. ಹೊಟ್ಟೆ ಹಗುರವಾದರೆ ಮತ್ತೆ ಎರಡು ದಿನ ಹಾಲು ಕುಡಿದು ನೋಡಿ. ಉಬ್ಬರ ವಾಪಸ್ ಬಂದರೆ ಮಾತ್ರ ಅದೇ ಕಾರಣ ಅನ್ನಬಹುದು. ಬಿಟ್ಟಾಗ ಹಗುರವಾಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಅದು ಸುಮ್ನೆ ಒಳ್ಳೆಯ ವಾರವೂ ಆಗಿರಬಹುದು.

ಆಮೇಲೆ ಅವರೆಕಾಳು, ಹುರುಳಿ, ಹಲಸು, ಈರುಳ್ಳಿ, ಬೆಳ್ಳುಳ್ಳಿ. ಇವುಗಳಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಲ್ಲಿ ಹೀರದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಕೈಯಲ್ಲಿ ಗ್ಯಾಸ್ ಆಗುತ್ತವೆ. ಚಳಿಗಾಲದಲ್ಲಿ ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ರಾತ್ರಿ ಹಿತಕಿದ ಬೇಳೆ ಸಾರು ತಿಂದರೆ ಹೊಟ್ಟೆ ಮಾತಾಡದೆ ಇರುತ್ತದೆಯೇ? ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಪ್ರಮಾಣ ಕಡಿಮೆ ಮಾಡಿ. ಶುಗರ್ ಇರುವವರು ತಿನ್ನುವ ಸಕ್ಕರೆರಹಿತ ಬಿಸ್ಕತ್ತು, ಚಾಕೊಲೇಟ್‌ನಲ್ಲಿರುವ ಮಾಲ್ಟಿಟಾಲ್, ಸಾರ್ಬಿಟಾಲ್ ಕೂಡ ಹೀಗೇ ಉಬ್ಬಿಸುತ್ತವೆ.

ಯೀಸ್ಟ್ ಪಥ್ಯ ಮಾಡಿದ ಕೆಲವರಿಗೆ ಹೊಟ್ಟೆ ಹಗುರವಾಗುವುದು ನಿಜ. ಆ ಪಥ್ಯದಲ್ಲಿ ಹಾಲು, ಹಣ್ಣು, ಬೇಕರಿ ತಿಂಡಿ ಎಲ್ಲ ಒಟ್ಟಿಗೆ ಹೋಗುತ್ತವೆ. ಯೀಸ್ಟ್ ಸತ್ತಿತು ಅನ್ನಲು ಅದು ಸಾಕ್ಷಿಯಾಗುವುದಿಲ್ಲ. ಸಕ್ಕರೆ ತಿಂದರೆ ಯೀಸ್ಟ್ ಬೆಳೆಯುತ್ತದೆ ಅನ್ನುವ ಮಾತನ್ನೂ 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಪರೀಕ್ಷಿಸಿತ್ತು. ಆರೋಗ್ಯವಂತರಿಗೆ ಜಾಸ್ತಿ ಸಕ್ಕರೆ ತಿನ್ನಿಸಿದರೂ ಅವರ ಕರುಳಿನ ಕ್ಯಾಂಡಿಡಾದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ಹೆಜ್ಜೆ 6: ನೋಟ್‌ಬುಕ್ ಹಿಡಿದು ವೈದ್ಯರ ಹತ್ತಿರ ಹೋಗಿ

"ನನಗೆ ಯೀಸ್ಟ್ ಇದೆ" ಅಂತ ಮಾತು ಶುರು ಮಾಡಬೇಡಿ. "ಊಟವಾದ ಒಂದು ಗಂಟೆಗೆ ಉಬ್ಬುತ್ತದೆ, ವಾರಕ್ಕೆ ನಾಲ್ಕು ದಿನ" ಅನ್ನಿ. ಸಾಮಾನ್ಯವಾಗಿ ನೋಡಬೇಕಾದವು: ಹಿಮೋಗ್ಲೋಬಿನ್ ಸೇರಿದ ರಕ್ತದ ಎಣಿಕೆ, ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ, ಥೈರಾಯ್ಡ್‌ಗೆ ಟಿಎಸ್‌ಎಚ್, ಬಿ12, ಹುಳು ಮತ್ತು ಜಿಯಾರ್ಡಿಯಾ ಎಂಬ ಕರುಳಿನ ಸೂಕ್ಷ್ಮಜೀವಿಗೆ ಮಲ ಪರೀಕ್ಷೆ. ಭೇದಿ ಜಾಸ್ತಿಯಿದ್ದರೆ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ ಬೇಕಾ ಅಂತ ಕೇಳಿ. ಎಲ್ಲವೂ ಎಲ್ಲರಿಗೂ ಬೇಡ. ಎಲ್ಲ ಸರಿಯಿದ್ದೂ ಹೊಟ್ಟೆ ನೋವು, ಮಲದ ಏರುಪೇರು ಉಳಿದರೆ ಅದು ಐಬಿಎಸ್, ಅಂದರೆ ಕರುಳು ಸೂಕ್ಷ್ಮವಾಗಿ ಏರುಪೇರಾಗುವ ತೊಂದರೆ, ಆಗಿರಬಹುದು. ಅದಕ್ಕೂ ಚಿಕಿತ್ಸೆ ಇದೆ.

ಹೆಜ್ಜೆ 7: ಕರುಳಿನ ಯೀಸ್ಟ್ ಚಿಕಿತ್ಸೆ ಯಾರಿಗೆ ಸಾರ್ಥಕ?

ಕೆಲವರಿಗೆ ಹೌದು. ಸಣ್ಣ ಕರುಳಲ್ಲಿ ಶಿಲೀಂಧ್ರ ಮಿತಿಮೀರಿ ಬೆಳೆಯುವ ಸ್ಥಿತಿಯನ್ನು ವೈದ್ಯರು ಸಿಫೋ ಅನ್ನುತ್ತಾರೆ. ಅಮೆರಿಕದಲ್ಲಿ ಕಾರಣ ಸಿಗದ ಹೊಟ್ಟೆ ತೊಂದರೆಗೆ ದೊಡ್ಡ ಆಸ್ಪತ್ರೆಗೆ ಬಂದವರನ್ನು ಪರೀಕ್ಷಿಸಿದಾಗ ಸುಮಾರು ಕಾಲು ಭಾಗ ಜನರಲ್ಲಿ ಇದು ಕಂಡಿತು. ಅವರೆಲ್ಲ ಬೇರೆ ಕಡೆ ತಿರುಗಿ ಗುಣವಾಗದೆ ಬಂದವರು ಅನ್ನುವುದು ನೆನಪಿರಲಿ. ಬೀದಿಯಲ್ಲಿ ಹೋಗುವ ಜನಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಕರುಳಿನ ಆಪರೇಷನ್ ಆದವರು, ಕರುಳಿನ ಚಲನೆ ನಿಧಾನ ಇರುವವರು, ತುಂಬಾ ಕಾಲ ಆಮ್ಲ ತಗ್ಗಿಸುವ ಮಾತ್ರೆ ನುಂಗಿದವರು, ರೋಗ ತಡೆಯುವ ಶಕ್ತಿ ಕುಗ್ಗಿದವರಲ್ಲಿ ವೈದ್ಯರು ಇದನ್ನು ಅನುಮಾನಿಸುತ್ತಾರೆ. ಗೊತ್ತುಮಾಡಲು ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ರಸ ತೆಗೆದು ಬೆಳೆಸಿ ನೋಡಬೇಕು. ಬೆಂಗಳೂರು, ಮಂಗಳೂರಿನಂಥ ಊರಿನ ಹೊಟ್ಟೆ ಮತ್ತು ಕರುಳಿನ ತಜ್ಞರ ಹತ್ತಿರ ಕೇಳಬೇಕಾದ ವಿಷಯ ಇದು.

ಅವರು ಫ್ಲೂಕೊನಜೋಲ್ ಬರೆದರೆ ಎಲ್ಲ ಮಾತ್ರೆಯ ಪಟ್ಟಿ ಮುಂದಿಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫಿನೈಟಾಯಿನ್, ಕೊಬ್ಬಿಗೆ ಕೊಡುವ ಅಟಾರ್ವಾಸ್ಟಾಟಿನ್ ಜೊತೆ ಅದು ಹೊಂದುವುದಿಲ್ಲ, ಇಲ್ಲ ಪ್ರಮಾಣ ಬದಲಿಸಬೇಕಾಗುತ್ತದೆ. ಬಸುರಿಯಾಗಿದ್ದರೆ, ಲಿವರ್ ತೊಂದರೆ, ಹೃದಯ ಬಡಿತದ ತೊಂದರೆ ಇದ್ದರೆ ಮೊದಲೇ ಹೇಳಿ. ಕೀಟೊಕೊನಜೋಲ್ ನುಂಗುವ ಮಾತ್ರೆಯನ್ನು ಲಿವರ್‌ಗೆ ಆಗುವ ಹಾನಿಯಿಂದಾಗಿ 2013ರಲ್ಲೇ ಯುರೋಪಿನ ಔಷಧ ಸಂಸ್ಥೆ ಬೇಡ ಅಂದಿದೆ. ಹಳೆಯ ಚೀಟಿ ತೋರಿಸಿ ಅದನ್ನು ಕೊಳ್ಳಬೇಡಿ. ಬೇಡದ ಕಡೆ ಈ ಮಾತ್ರೆ ನುಂಗಿದರೆ ಇನ್ನೊಂದು ನಷ್ಟ ಇದೆ. ಮದ್ದಿಗೆ ಬಗ್ಗದ ಯೀಸ್ಟ್ ಉಳಿದು ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಮದ್ದಿಗೆ ಸುಲಭವಾಗಿ ಬಗ್ಗದ ಕ್ಯಾಂಡಿಡಾ ಆರಿಸ್ ಎಂಬ ಯೀಸ್ಟ್ ಮೊದಲ ಸಾಲಿನಲ್ಲೇ ಇದೆ. ತೀವ್ರ ನಿಗಾ ಘಟಕದಲ್ಲಿ ಮಲಗಿರುವ ಯಾರದೋ ಮಗುವಿಗೆ, ಯಾರದೋ ತಾಯಿಗೆ ಈ ಔಷಧಗಳು ಕೆಲಸ ಮಾಡಬೇಕಾಗುತ್ತದೆ.

ಮಾತ್ರೆ ಶುರು ಮಾಡುವ ದಿನವೇ ಎಷ್ಟು ದಿನ ಅಂತ ವೈದ್ಯರನ್ನು ಕೇಳಿ ನೋಟ್‌ಬುಕ್‌ನಲ್ಲಿ ಕೊನೆಯ ತಾರೀಕು ಬರೆಯಿರಿ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ, ಎದೆ ಡವಗುಟ್ಟಿದರೆ, ಬೆವರಿ ನಡುಗಿದರೆ "ಯೀಸ್ಟ್ ಸಾಯುತ್ತಿದೆ" ಅಂತ ಯಾರೇ ಹೇಳಿದರೂ ಕಾಯಬೇಡಿ, ಅವತ್ತೇ ವೈದ್ಯರಿಗೆ ಫೋನ್ ಮಾಡಿ. ತಾರೀಕು ಮುಗಿದಾಗ ಹಳೆಯ ಪುಟ ತೆರೆದು ಹೋಲಿಸಿ ನೋಡಿ. ವಾರಕ್ಕೆ ನಾಲ್ಕು ದಿನ ಇದ್ದ ಉಬ್ಬರ ಈಗಲೂ ನಾಲ್ಕು ದಿನ ಇದ್ದರೆ ಇನ್ನೊಂದು ಸ್ಟ್ರಿಪ್ ಕೊಳ್ಳಬೇಡಿ. ಅದೇ ನೋಟ್‌ಬುಕ್ ಹಿಡಿದು ಮತ್ತೆ ವೈದ್ಯರ ಮುಂದೆ ಕೂತು, ಬೇರೆ ಏನಿರಬಹುದು ಅಂತ ಕೇಳಿ.